ಒಂದೇ ಎಂದು ಬರೆದ ಸಾಲು

ಯಾದಗಿರಿ
13 ಫೆಬ್ರುವರಿ 2024

ಶಿವರಾಜ ಸರ್ ಅವರಿಗೆ ಮೌನೇಶ್ವರಿಯ ನಮಸ್ಕಾರಗಳು.

ಐದು ದಿನದಿಂದ ನಿಮ್ಮ ಫೋನ್ ಬಂದ್ ಇದೆ. ಕಾಲೇಜಿನಲ್ಲಿ ವಿಚಾರಿಸಿದರೆ ರಜೆ ಹಾಕಿ ಸುರಪುರಕ್ಕೆ ಹೋಗಿದ್ದಾರೆ ಎಂದರು. ಕಚೇರಿಯಿಂದ ವಿಳಾಸ ಪಡೆದು ಈ ಕಾಗದ ಬರೆಯುತ್ತಿದ್ದೇನೆ.

ನೀವು ಹೋದಮೇಲೆ ಇಲ್ಲಿ ನಡೆದದ್ದು ಇಷ್ಟು. ಬಾಣಂತಿ ಮಲ್ಲಿಕಮ್ಮ ತೀರಿಕೊಂಡ ಮೂರನೇ ದಿನ ಆಸ್ಪತ್ರೆಯ ಟ್ರಸ್ಟಿನವರು ವಿಚಾರಣಾ ಸಮಿತಿ ಮಾಡಿದರು. ಆಸ್ಪತ್ರೆಯ ರಕ್ತನಿಧಿಯ ಕಂಪ್ಯೂಟರಿಗೆ ಬೀಗಮುದ್ರೆ ಬಿತ್ತು. ಅಂದು ಪಾಳಿಯಲ್ಲಿದ್ದ ಟೆಕ್ನಿಶಿಯನ್ ಜಲಾಲುದ್ದೀನ ಅವರನ್ನು ಅಮಾನತು ಮಾಡಿದ್ದಾರೆ. ಓ ಗುಂಪಿನ ಬಾಣಂತಿಗೆ ಬಿ ಗುಂಪಿನ ರಕ್ತ ಕೊಟ್ಟವರು ಅವರು, ತಪ್ಪು ಅವರದೇ ಎಂದು ಎಲ್ಲರೂ ಮಾತಾಡುತ್ತಿದ್ದಾರೆ.

ಹಾಗಲ್ಲ ಎಂದು ತಂತ್ರಾಂಶ ನೋಡಿಕೊಳ್ಳುವ ನನಗೆ ಗೊತ್ತು. ಸಮಿತಿಗೆ ಕೊಡಲು ಒಂದು ಹೇಳಿಕೆ ಬರೆದಿದ್ದೇನೆ. ಕಂಪ್ಯೂಟರ್ ಗೊತ್ತಿಲ್ಲದವರಿಗೂ ತಿಳಿಯಲಿ ಎಂದು ಬಿಡಿಸಿ ಬರೆದಿದ್ದೇನೆ. ನಕಲು ಕೆಳಗಿದೆ. ತಪ್ಪಿದ್ದರೆ ತಿದ್ದಿ.

"ನಮ್ಮ ಕಾಲೇಜಿನ ಗಣಕ ವಿಭಾಗ ಮಾಡಿಕೊಟ್ಟ ರಕ್ತನಿಧಿಯ ತಂತ್ರಾಂಶವನ್ನು ಹ್ಯಾಸ್ಕೆಲ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆಯಲಾಗಿದೆ. ಅದರಲ್ಲಿ ಒಬ್ಬ ರೋಗಿ ಎಂದರೆ ಹೆಸರು, ವಯಸ್ಸು, ಲಿಂಗ ಮತ್ತು ದಾಖಲಾದಾಗ ಕೈಗೆ ಕಟ್ಟುವ ಪಟ್ಟಿಯ ಗುರುತು. ಎರಡು ದಾಖಲೆಗಳು ಒಬ್ಬರವೋ ಅಲ್ಲವೋ ಎಂದು ಹೋಲಿಸುವ ನಿಯಮವನ್ನು ನಾವು ಕೈಯಾರೆ ಬರೆಯಬೇಕಿಲ್ಲ. ರೋಗಿಯ ವಿವರಣೆಯ ಕೊನೆಗೆ 'ಡಿರೈವಿಂಗ್' ಎಂಬ ಪದ ಹಾಕಿದರೆ ಸಾಕು. ನಮ್ಮ ಬರಹವನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಆ ನಿಯಮವನ್ನು ತಾನೇ ಕಟ್ಟಿಕೊಡುತ್ತದೆ. ನಾಲ್ಕೂ ಭಾಗ ತಾಳೆಯಾದರೆ ಒಬ್ಬರೇ, ಒಂದು ತಾಳೆಯಾಗದಿದ್ದರೂ ಬೇರೆಯವರು. ಆದರೆ ಒಳಗಿನ ಪ್ರತಿಯೊಂದು ಭಾಗಕ್ಕೂ ಹೋಲಿಕೆಯ ನಿಯಮ ಮೊದಲೇ ಇರಬೇಕು. ನವೆಂಬರಿನಲ್ಲಿ ಹೊಸ ಕೈಪಟ್ಟಿ ಯಂತ್ರ ಬಂತು. ಅದು ಕೊಡುವ ಗುರುತಿಗೆ ಅಂಥ ನಿಯಮ ಇರಲಿಲ್ಲ. ಇದನ್ನು ಹೇಗೆ ಹೋಲಿಸಬೇಕೋ ಗೊತ್ತಿಲ್ಲ ಎಂದು ಕಂಪೈಲರ್ ದೋಷ ತೋರಿಸಿ ನಿಂತುಬಿಟ್ಟಿತು. ಮರುದಿನವೇ ಹೊಸ ವ್ಯವಸ್ಥೆಯ ಉದ್ಘಾಟನೆ. ಆಗ ಒಂದು ಸಾಲು ಬರೆಯಲಾಯಿತು: ಯಾವ ಎರಡು ಗುರುತು ಕೊಟ್ಟರೂ ಒಂದೇ ಎನ್ನು. ಕಂಪೈಲರ್ ಸುಮ್ಮನಾಯಿತು, ಉಳಿದದ್ದನ್ನು ತಾನೇ ಕಟ್ಟಿಕೊಂಡಿತು. ಅಂದಿನಿಂದ ಹೆಸರು, ವಯಸ್ಸು, ಲಿಂಗ ಒಂದೇ ಆಗಿರುವ ಯಾರೇ ಇಬ್ಬರು ಈ ತಂತ್ರಾಂಶಕ್ಕೆ ಒಬ್ಬರೇ.

ಫೆಬ್ರುವರಿ 6ರ ಬೆಳಿಗ್ಗೆ ರಾಮಸಮುದ್ರದ ಮಲ್ಲಿಕಮ್ಮ, ಇಪ್ಪತ್ನಾಲ್ಕು ವರ್ಷ, ಶಸ್ತ್ರಚಿಕಿತ್ಸೆಗೆಂದು ದಾಖಲಾದರು. ಅವರ ಬಿ ಗುಂಪಿಗೆ ಹೊಂದುವ ರಕ್ತದ ಚೀಲವನ್ನು ಪರೀಕ್ಷಿಸಿ ತೆಗೆದಿಡಲಾಯಿತು. ಮಧ್ಯಾಹ್ನ ಭೀಮಾ ದಂಡೆಯ ಓಣಿಯ ಮಲ್ಲಿಕಮ್ಮ, ಅವರಿಗೂ ಇಪ್ಪತ್ನಾಲ್ಕೇ, ಹೆರಿಗೆಯಾಗಿ ರಕ್ತ ನಿಲ್ಲದೆ ಹೋದಾಗ ರಕ್ತ ಬೇಕೆಂದು ತುರ್ತು ಚೀಟಿ ಬಂತು. ತಂತ್ರಾಂಶ ಇಬ್ಬರನ್ನೂ ಒಬ್ಬರೆಂದು ಎಣಿಸಿ, ಹೊಂದಾಣಿಕೆ ಪರೀಕ್ಷೆ ಆಗಿದೆ ಎಂದು ಪರದೆಯಲ್ಲಿ ಹಸಿರು ತೋರಿಸಿತು. ವಾರ್ಡಿಗೆ ಹೋದ ಚೀಟಿಯ ಮೇಲೂ ಅದೇ ಅಚ್ಚಾಯಿತು, ಆ ಚೀಟಿ ಈಗ ಸಿಗುತ್ತಿಲ್ಲ."

'ಬರೆಯಲಾಯಿತು' ಎಂದಿದ್ದೇನೆ. ಆ ಸಾಲು ಬರೆದವಳು ನಾನು. ಫೋನಿನಲ್ಲಿ ಹಾಗೆ ಬರೆಯಲು ಹೇಳಿದವರು ಯಾರೆಂದು ಹೇಳಿಕೆಯಲ್ಲಿ ಹಾಕಿಲ್ಲ. ಏನು ಮಾಡಲಿ, ತಿಳಿಸಿ.

ನಿಮ್ಮ ವಿದ್ಯಾರ್ಥಿನಿ,
ಮೌನೇಶ್ವರಿ


ಸುರಪುರ
21 ಫೆಬ್ರುವರಿ 2024

ಮೌನೇಶ್ವರಿಗೆ ಆಶೀರ್ವಾದಗಳು.

ಕಾಗದ ಮುಟ್ಟಿತು. ಊರಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುವುದಿಲ್ಲ, ಫೋನ್ ಹತ್ತಿರಲಿಕ್ಕಿಲ್ಲ. ಮಗಳು ಭುವನೇಶ್ವರಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹದಿನಾಲ್ಕನೇ ತಾರೀಖಿಗೆ ಗಂಡುಮಗು. ತಾಯಿ, ಮಗು ಕ್ಷೇಮ. ಮನೆ ತುಂಬ ಜನ, ಕೂತು ಬರೆಯಲು ಜಾಗವಿಲ್ಲ.

ನಿನ್ನ ಹೇಳಿಕೆ ಓದಿದೆ. ಭಾಷೆ ಚೆನ್ನಾಗಿದೆ. ಆದರೆ ಅದನ್ನು ಕೊಡಬೇಡ. ತಂತ್ರಾಂಶ ಏನೇ ತೋರಿಸಲಿ, ಪ್ರತಿ ರೋಗಿಯ ರಕ್ತವನ್ನೂ ಹೊಸದಾಗಿ ಪರೀಕ್ಷೆ ಮಾಡಿಯೇ ಚೀಲ ಕೊಡಬೇಕೆಂಬುದು ಎಲ್ಲ ರಕ್ತನಿಧಿಗಳ ನಿಯಮ. ಟೆಕ್ನಿಶಿಯನ್ ಅದನ್ನು ಮಾಡಲಿಲ್ಲ. ನಮ್ಮದು ಬರೀ ಸಹಾಯಕ್ಕೆ ಇಟ್ಟ ಸಾಧನ. ಸಮಿತಿ ನನ್ನನ್ನೂ ಕೇಳಿತ್ತು. ತಂತ್ರಾಂಶವನ್ನು ಪರೀಕ್ಷಿಸಿದ್ದೇವೆ, ಸರಿಯಾಗಿದೆ ಎಂದು ಬರೆದು ಕೊಟ್ಟಿದ್ದೇನೆ. ನೀನು ಈಗ ಬೇರೆ ಬರೆದರೆ ಎರಡು ಕಾಗದ ಪಕ್ಕಪಕ್ಕ ಬರುತ್ತವೆ. ಆಗ ಯಾರನ್ನು ನಂಬುತ್ತಾರೆ, ಯೋಚಿಸು. ನಿಮ್ಮ ಓಣಿಯಲ್ಲಿ ಓದಿ ಇಷ್ಟು ದೂರ ಬಂದವಳು ನೀನೊಬ್ಬಳೇ. ನನಗಾದರೆ ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದಿದೆ.

ಫೋನಿನಲ್ಲಿ ಏನು ಮಾತಾಡಿದೆವೋ ನನಗೆ ನೆನಪಿಲ್ಲ. ಉದ್ಘಾಟನೆಯ ಗಡಿಬಿಡಿಯಲ್ಲಿ ನೂರು ಮಾತು.

ಓದಿ ಹರಿದುಹಾಕು.

ಶಿ.


ಯಾದಗಿರಿ
10 ಮಾರ್ಚ್ 2024

ಸರ್,

ನಿಮ್ಮ ಮಾತು ಕೇಳಿ ಹೇಳಿಕೆ ಕೊಡದೆ ಇಟ್ಟುಕೊಂಡಿದ್ದೇನೆ. ಕಾಗದವನ್ನು ಹರಿದಿಲ್ಲ.

ಮೊನ್ನೆ ಮಲ್ಲಿಕಮ್ಮನ ಅತ್ತೆ ಸುಂದ್ರಮ್ಮನ ಮನೆಗೆ ಹೋಗಿದ್ದೆ. ನಿಮಗೆ ಹೇಳಿರಲಿಲ್ಲ, ಅವರದು ನಮ್ಮ ಮನೆಯಿಂದ ಐದನೇ ಮನೆ. ಮಲ್ಲಿಕಮ್ಮ ಸೊಸೆಯಾಗಿ ಬಂದ ವರ್ಷ ನನ್ನ ಹತ್ತಿರ ಮೊಬೈಲಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಕಲಿತಿದ್ದಳು. ತವರೂರಿನ ಹೆಸರು ಟೈಪ್ ಮಾಡಿ ತಾನೇ ನಗುತ್ತಿದ್ದಳು. ಅವಳ ಗಂಡ ಮರಿಲಿಂಗ ಹೊಳೆಯಲ್ಲಿ ಬಲೆ ಹಾಕುವವನು. ಈಗ ನೀರಿಗೆ ಇಳಿಯುವುದನ್ನೇ ಬಿಟ್ಟು ಸ್ಟೇಷನ್ನಿನಲ್ಲಿ ಮೂಟೆ ಹೊರಲು ಹೋಗುತ್ತಾನೆ. ಹೆಣ್ಣುಮಗು ಸುಂದ್ರಮ್ಮನ ತೊಡೆಯ ಮೇಲಿತ್ತು. ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದರು. ಕೂಸು ಎರಡು ಗುಟುಕು ಕುಡಿದು ಮುಖ ತಿರುಗಿಸಿಕೊಳ್ಳುತ್ತಿತ್ತು.

ಹೇಳಿಬಿಡಬೇಕೆಂದೇ ಹೋಗಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಸುಂದ್ರಮ್ಮ ಶುರು ಮಾಡಿದರು. ರಕ್ತ ಏರಿಸಿದ ಸ್ವಲ್ಪ ಹೊತ್ತಿಗೇ ಮಲ್ಲಿಕಮ್ಮನಿಗೆ ನಡುಕ ಬಂತಂತೆ. ಬೆನ್ನು ಸಿಡಿಯುತ್ತಿದೆ ಎಂದಳಂತೆ. ಬಾಣಂತಿಯರಿಗೆ ಚಳಿ ಬರುವುದು ಸಹಜ ಎಂದುಕೊಂಡು ಸುಂದ್ರಮ್ಮ ಇನ್ನೊಂದು ಕೌದಿ ಹೊದಿಸಿದ್ದಾರೆ. ಮರುದಿನ ಮಧ್ಯಾಹ್ನಕ್ಕೆ ಎಲ್ಲ ಮುಗಿದಿತ್ತು.

ಆಮೇಲೆ ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ಮರಿಲಿಂಗ ಸರಕಾರಿ ದವಾಖಾನಿಗಿ ಹೋಗೋಣಂದ. ನಾನೇ ಬ್ಯಾಡಂದೆ. ನಮ್ಮ ಮೌನಿ ಅಲ್ಲಿ ಕಂಪ್ಯೂಟರ ಮಾಡ್ಯಾಳ, ಅಲ್ಲೇ ಚಲೋ ನೋಡ್ತಾರಂತ ನಾನೇ ಕರ್ಕೊಂಡು ಹೋದೆ."

ನಾನು ಏಳುವಾಗ ಸುಂದ್ರಮ್ಮ ನನ್ನ ಕೈ ಹಿಡಿದು, ಆ ಟೆಕ್ನಿಶಿಯನ್‌ನನ್ನು ಸುಮ್ಮನೆ ಬಿಡಬೇಡಿರೆಂದು ನಿಮ್ಮ ಸಾಹೇಬರಿಗೆ ಹೇಳು ಎಂದರು. ನಾನು ಹೂಂ ಎಂದೆ.

ಹೂಂ ಎಂದೆ, ಸರ್.

ಮೌನೇಶ್ವರಿ


ಶಹಾಪುರ
27 ಮಾರ್ಚ್ 2024

ಮೌನೇಶ್ವರಿ ಮೇಡಂ ಅವರಿಗೆ ಜಲಾಲುದ್ದೀನನ ಸಲಾಂ.

ಯಾದಗಿರಿಯ ಬಾಡಿಗೆ ಮನೆ ಬಿಟ್ಟು ಶಹಾಪುರಕ್ಕೆ ಅಣ್ಣನ ಮನೆಗೆ ಬಂದಿದ್ದೇನೆ. ನಿಮ್ಮ ಹತ್ತಿರ ಒಂದು ಮಾತು ಕೇಳಬೇಕಿತ್ತು. ಫೋನಿನಲ್ಲಿ ಕೇಳಲು ಬಾಯಿ ಬರಲಿಲ್ಲ.

ಹದಿನೆಂಟು ವರ್ಷ ಈ ಕೆಲಸ ಮಾಡಿದ್ದೇನೆ. ಮೊದಲೆಲ್ಲ ಪ್ರತಿ ಸಲವೂ ಗಾಜಿನ ಮೇಲೆ ರಕ್ತದ ಹನಿ ಹಾಕಿ, ಕಣ್ಣಿನಿಂದ ನೋಡಿಯೇ ಚೀಲ ಕೊಡುತ್ತಿದ್ದೆ. ಹೊಸ ಯಂತ್ರ ಬಂದಾಗ ನೀವು ನಮ್ಮನ್ನು ಕೂರಿಸಿ ಕಲಿಸಿದಿರಿ. ನೀವು ಅಂದ ಮಾತು ನನಗೆ ಈಗಲೂ ಕೇಳುತ್ತದೆ. "ಹಸರ ಬಂತಂದ್ರ ನಂಬ್ರಿ. ಮತ್ತ ಮಾಡ್ಕೋತ ಕೂಡಬ್ಯಾಡ್ರಿ, ಟೈಮ್ ಹೋಗ್ತದ." ನಿಮ್ಮ ಮೇಲೆ ಹಾಕಬೇಕೆಂದು ಇದನ್ನು ಬರೆಯುತ್ತಿಲ್ಲ. ಅವತ್ತು ವಾರ್ಡಿನಿಂದ ಮೂರು ಸಲ ಓಡಿ ಬಂದರು, ಬಾಣಂತಿ ಹೋಗುತ್ತಾಳೆ, ಬೇಗ ಕೊಡಿ ಎಂದು. ನಾನು ಪರದೆ ನೋಡಿದೆ. ಕೊಟ್ಟೆ.

ಯಾಕೆ ಮತ್ತೆ ಪರೀಕ್ಷಿಸಲಿಲ್ಲ ಎಂದು ಸಮಿತಿಯವರು ಕೇಳಿದರು. ಹಸಿರು ಬಂದಿತ್ತು ಎಂದೆ. ಆಗ ಅವರು ಶಿವರಾಜ ಸರ್ ಕೊಟ್ಟ ಕಾಗದ ಓದಿದರು. ಯಂತ್ರದಲ್ಲಿ ದೋಷವಿಲ್ಲ, ಆ ರೋಗಿಗೆ ಹಸಿರು ಬರಲು ಸಾಧ್ಯವೇ ಇಲ್ಲ ಎಂದರು. ಅಂದಿನಿಂದ ನನಗೆ ನನ್ನ ಮೇಲೇ ಅನುಮಾನ. ಕೆಂಪು ಬಂದಿತ್ತೇನೋ, ಅವಸರದಲ್ಲಿ ನಾನೇ ಹಸಿರು ಎಂದುಕೊಂಡೆನೋ. ಊಟ ಮಾಡುವಾಗಲೂ ಅದೇ, ನಮಾಜಿಗೆ ನಿಂತಾಗಲೂ ಅದೇ.

ನೀವು ಒಂದೇ ಮಾತು ಹೇಳಿ. ಹಸಿರು ಬಂದಿತ್ತೇ?

ಇನ್ನೊಂದು. ಅತ್ತಿಗೆಯನ್ನು ತೋರಿಸಲು ನಮ್ಮ ಟ್ರಸ್ಟಿನವರದೇ ಆದ ಇಲ್ಲಿನ ಆಸ್ಪತ್ರೆಗೆ ಹೋಗಿದ್ದೆ. ಇಲ್ಲಿಯ ರಕ್ತನಿಧಿಯಲ್ಲೂ ಅದೇ ಪರದೆ ನಡೆಯುತ್ತಿದೆ. ನೀವು ನೋಡಿದರೆ ಒಳ್ಳೆಯದು.

ಜಲಾಲುದ್ದೀನ


ಯಾದಗಿರಿ
3 ಏಪ್ರಿಲ್ 2024

ಸರ್,

ಜಲಾಲುದ್ದೀನ ಅವರ ಕಾಗದದ ಪ್ರತಿಯನ್ನು ಇದರ ಜೊತೆ ಕಳಿಸಿದ್ದೇನೆ. ಅವರಿಗೆ ಉತ್ತರ ಬರೆದೆ: ಬಂದಿತ್ತು, ನಿಮ್ಮ ಕಣ್ಣು ಸುಳ್ಳಲ್ಲ. ಫೆಬ್ರುವರಿಯಲ್ಲೇ ಗೊತ್ತಿದ್ದ ಅಷ್ಟನ್ನು ಬರೆಯಲು ನನಗೆ ಐವತ್ತು ದಿನ ಬೇಕಾಯಿತು.

ಹತ್ತನೇ ತಾರೀಖಿಗೆ ಸಮಿತಿ ಮತ್ತೆ ಕೂಡುತ್ತದೆ. ಅಂದು ನನ್ನ ಹೇಳಿಕೆ ಕೊಡುತ್ತೇನೆ.

ನಿನ್ನೆ ಕಾಲೇಜಿನ ಸರ್ವರಿನಲ್ಲಿರುವ ಹಳೆಯ ಕೋಡ್ ತೆರೆದು ನೋಡಿದೆ. ಉದ್ಘಾಟನೆಯಾದ ಎರಡು ವಾರಕ್ಕೆ ನಾನು ಒಂದು ತಿದ್ದುಪಡಿ ಬರೆದಿದ್ದೆ, ನಿಮಗೆ ನೆನಪಿರಬೇಕು. ಆ ಸುಳ್ಳು ಸಾಲು ತೆಗೆದು, ಗುರುತಿನೊಳಗಿನ ಸಂಖ್ಯೆಯನ್ನೇ ಓದಿ ಹೋಲಿಸುವ ನಿಯಮ. ಅದನ್ನು ಸೇರಿಸಿದರೆ ಬೇರೆ ನಲವತ್ತಮೂರು ಕಡೆ ಕಂಪೈಲರ್ ದೋಷ ತೋರಿಸುತ್ತಿತ್ತು. ಅವನ್ನೆಲ್ಲ ಸರಿಪಡಿಸಲು ಒಂದು ವಾರ ಸಾಕು ಎಂದಿದ್ದೆ. "ಸೆಮಿಸ್ಟರ್ ಪರೀಕ್ಷೆಗಳು ಮುಗಿಯಲಿ, ಆಮೇಲೆ ನೋಡೋಣ" ಎಂದು ಅದರ ಕೆಳಗೆ ನೀವು ಬರೆದಿರಿ. ಡಿಸೆಂಬರ್ ಹೋಯಿತು, ಜನವರಿ ಹೋಯಿತು. ನಾನೂ ಮತ್ತೆ ಕೇಳಲಿಲ್ಲ.

ಈಗ ಆ ತಿದ್ದುಪಡಿಯೂ ಇಲ್ಲ, ನಿಮ್ಮ ಮಾತೂ ಇಲ್ಲ. ಅಲ್ಲಿಂದ ಅಳಿಸುವ ಅಧಿಕಾರ ಇರುವುದು ನಮ್ಮಿಬ್ಬರಿಗೇ. ನಾನು ಅಳಿಸಿಲ್ಲ.

ಹತ್ತನೇ ತಾರೀಖಿಗೆ ಬನ್ನಿ. ಬಂದು ನಿಮ್ಮ ಬಾಯಿಂದ ಹೇಳಿ. ಈ ಭಾಷೆಯನ್ನು ನನಗೆ ಕಲಿಸಿದವರು ನೀವು. ಕಂಪೈಲರ್ ಬೇಡ ಎಂದಾಗ ನಿಂತು ಕೇಳಬೇಕು, ಅದು ನಮ್ಮ ಶತ್ರುವಲ್ಲ ಎಂದು ಮೊದಲ ತರಗತಿಯಲ್ಲೇ ಹೇಳಿದ್ದಿರಿ.

ಮೌನೇಶ್ವರಿ


ಯಾದಗಿರಿ
28 ಏಪ್ರಿಲ್ 2024

ಶಿವರಾಜ ಸರ್,

ನೀವು ಬರಲಿಲ್ಲ. ಹೇಳಿಕೆ ಕೊಟ್ಟೆ. ಪ್ರಾಧ್ಯಾಪಕರು ಸರಿ ಇದೆ ಎನ್ನುತ್ತಾರೆ, ನೀನು ಇಲ್ಲ ಎನ್ನುತ್ತೀ, ಸಾಕ್ಷಿ ಎಲ್ಲಿ ಎಂದರು. ನನ್ನ ಲ್ಯಾಪ್‌ಟಾಪಿನಲ್ಲಿ ಉಳಿದಿದ್ದ ತಿದ್ದುಪಡಿಯ ಪ್ರತಿ ತೋರಿಸಿದೆ. ಸಾವಾದ ಮೇಲೆ ಬರೆದದ್ದಲ್ಲ ಎನ್ನುವುದಕ್ಕೆ ಏನು ಆಧಾರ ಎಂದರು. ಕೆಲಸದ ಒತ್ತಡದಲ್ಲಿ ಹುಡುಗಿ ಹೆದರಿದ್ದಾಳೆ ಎಂದು ಒಬ್ಬರು ಹೇಳಿದರು, ನಾನು ಎದುರಿಗೇ ಇದ್ದೆ. ಮುಂದಿನ ಸಭೆ ಮೇ ಇಪ್ಪತ್ತಕ್ಕೆ. ಜಲಾಲುದ್ದೀನ ಅವರನ್ನು ಅಂದೇ ಕೆಲಸದಿಂದ ತೆಗೆಯುತ್ತಾರೆ ಎಂಬ ಮಾತಿದೆ.

ನಮ್ಮದೇ ತಂತ್ರಾಂಶ ನಡೆಯುವ ಶಹಾಪುರ, ಸುರಪುರದ ಟ್ರಸ್ಟ್ ಆಸ್ಪತ್ರೆಗಳಲ್ಲೂ ಅದನ್ನು ನಿಲ್ಲಿಸಿ ಎಂದು ಟ್ರಸ್ಟಿಗೆ ಎರಡು ಸಲ ಬರೆದೆ. ವಿಚಾರಣೆ ಮುಗಿಯುವ ಮೊದಲು ನಿಲ್ಲಿಸಿದರೆ ತಪ್ಪು ಒಪ್ಪಿಕೊಂಡಂತೆ ಎಂದು ಉತ್ತರ ಬಂತು. ಕೊನೆಗೆ ನಾನೇ ಹೊರಟೆ. ಫೆಬ್ರುವರಿಯಲ್ಲೇ ಹೋಗಬೇಕಿತ್ತು. ಹೆದರಿಕೆಯಿಂದ ಹೋಗಿರಲಿಲ್ಲ, ಬೇರೆ ಕಾರಣವಿಲ್ಲ.

ಶಹಾಪುರದಲ್ಲಿ ದಾಖಲೆಗಳನ್ನು ತೆರೆಸಿ ನೋಡಿದೆ. ಒಂದೇ ಹೆಸರು, ಒಂದೇ ವಯಸ್ಸಿನ ಎರಡು ಜೋಡಿ ರೋಗಿಗಳಿದ್ದರು, ತಂತ್ರಾಂಶ ಪ್ರತಿ ಜೋಡಿಯನ್ನೂ ಒಬ್ಬರೆಂದೇ ಎಣಿಸಿತ್ತು. ಎರಡು ಜೋಡಿಯಲ್ಲೂ ರಕ್ತದ ಗುಂಪು ಒಂದೇ ಇತ್ತು, ಅದಕ್ಕೇ ಬದುಕಿದ್ದಾರೆ. ಇನ್ನೇನೂ ಅಲ್ಲ. ಅಲ್ಲಿಯ ಟೆಕ್ನಿಶಿಯನ್‌ಗೆ ಅದನ್ನು ತೋರಿಸಿದೆ. ಅವರು ಎದ್ದು ಕಂಪ್ಯೂಟರಿನ ವೈರ್ ಕಿತ್ತರು.

ಮರುದಿನ ಸುರಪುರ. ರಕ್ತನಿಧಿಯಲ್ಲಿ ಪಾರ್ವತಿಬಾಯಿ ಎಂಬ ಹಿರಿಯರು ರಿಜಿಸ್ಟರಿನಲ್ಲಿ ಕೈಯಿಂದ ಬರೆಯುತ್ತಿದ್ದರು. ತಂತ್ರಾಂಶ ನಿಲ್ಲಿಸಿ ಎಂದು ನಾನು ಹೇಳತೊಡಗಿದರೆ ಅವರಿಗೆ ಆಶ್ಚರ್ಯ.

"ಅದನ್ನ ಬಂದ್ ಮಾಡಿ ಎರಡ ತಿಂಗಳ ಮ್ಯಾಲಾತಲ್ಲವ್ವಾ. ನಿಮ್ಮ ಶಿವರಾಜ ಮಾಸ್ತರೇ ಬಂದು ಬಂದ್ ಮಾಡಿಸ್ಯಾರ. ನಿನಗ ಗೊತ್ತಿಲ್ಲೇನು?"

ರಿಜಿಸ್ಟರ್ ತಿರುವಿ ತೋರಿಸಿದರು. ಫೆಬ್ರುವರಿ ಎಂಟು. 'ಇಂದಿನಿಂದ ಗಣಕಯಂತ್ರ ಬಳಸಬಾರದು. ಪ್ರತಿ ರೋಗಿಗೂ ಹೊಸದಾಗಿ ಪರೀಕ್ಷೆ ಮಾಡಬೇಕು.' ಕೆಳಗೆ ನಿಮ್ಮ ರುಜು. ಆರು ದಿನಕ್ಕೆ ನಿಮ್ಮ ಮಗಳು ಅದೇ ಆಸ್ಪತ್ರೆಯಲ್ಲಿ ಹೆತ್ತದ್ದನ್ನೂ ಅವರೇ ಹೇಳಿದರು, ಸಂತೋಷದಿಂದ ಹೇಳಿದರು.

ಆ ಪುಟದ ಫೋಟೋ ತೆಗೆದುಕೊಂಡೆ. ನಿಮ್ಮ ಮನೆ ಅಲ್ಲಿಂದ ಎರಡು ಓಣಿ ದಾಟಿದರೆ ಸಿಗುತ್ತದಂತೆ. ಬರಲು ಮನಸ್ಸಾಗಲಿಲ್ಲ. ಮೇ ಇಪ್ಪತ್ತಕ್ಕೆ ಆ ಫೋಟೋ ಸಮಿತಿಯ ಮುಂದೆ ಇಡುತ್ತೇನೆ.

ಮೌನೇಶ್ವರಿ


ಸುರಪುರ
12 ಮೇ 2024

ಮೌನೇಶ್ವರಿ,

ಈ ಕಾಗದಕ್ಕೆ ಆಶೀರ್ವಾದ ಬರೆಯುವ ಯೋಗ್ಯತೆ ನನಗಿಲ್ಲ.

ಫೆಬ್ರುವರಿ ಏಳನೇ ತಾರೀಖು ಸಂಜೆ ಸುದ್ದಿ ಬಂದಾಗ ನಾನು ಕಾಲೇಜಿನಲ್ಲಿದ್ದೆ. ಕೋಡ್ ತೆರೆದೆ. ಹತ್ತು ನಿಮಿಷದಲ್ಲಿ ತಿಳಿಯಿತು. ಆ ಸಾಲು, ಅದರ ಪಕ್ಕದಲ್ಲಿ 'ತಾತ್ಕಾಲಿಕ' ಎಂದು ನೀನು ಬರೆದಿದ್ದ ಮಾತು, ನಾನು ಮುಂದೂಡಿದ ನಿನ್ನ ತಿದ್ದುಪಡಿ, ಎಲ್ಲ ಅಲ್ಲೇ ಇತ್ತು. ಫೋನಿನಲ್ಲಿ ನಾನು ಹೇಳಿದ್ದೂ ನೆನಪಿತ್ತು. "ಸದ್ಯಕ್ಕ ಒಂದೇ ಅಂತ ಬರದ್ ಬಿಡು, ಆಮ್ಯಾಲ ನೋಡೋಣು." ನೆನಪಿಲ್ಲ ಎಂದು ನಿನಗೆ ಬರೆದದ್ದು ಸುಳ್ಳು.

ಮರುದಿನ ಬೆಳಿಗ್ಗೆಯ ಬಸ್ಸು ಹಿಡಿದೆ. ಆಗ ತಲೆಯಲ್ಲಿ ಇದ್ದದ್ದು ಭುವನೇಶ್ವರಿ ಒಬ್ಬಳೇ. ಸುರಪುರದ ತಾಲ್ಲೂಕಿನಲ್ಲಿ ಭುವನೇಶ್ವರಿ ಎಂಬ ಹೆಸರಿನ ಇಪ್ಪತ್ತಾರು ವರ್ಷದವರು ಎಷ್ಟು ಜನ ಇರಬಹುದು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದೆ. ಬಸ್ಸು ಶಹಾಪುರದ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತಿತ್ತು. ಆಸ್ಪತ್ರೆ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ನಾನು ಇಳಿಯಲಿಲ್ಲ. ಇಳಿದರೆ ಯಾಕೆ ಬಂದಿರಿ ಎಂದು ಕೇಳುತ್ತಾರೆ, ಹೇಳಬೇಕಾಗುತ್ತದೆ ಎಂದು ಇಳಿಯಲಿಲ್ಲ. ಸುರಪುರದಲ್ಲಿ ನನ್ನನ್ನು ಯಾರೂ ಏನೂ ಕೇಳುವುದಿಲ್ಲ.

ಸಮಿತಿ ಕೇಳಿದ ದಿನ ಸುಳ್ಳು ಬರೆದೆ. ಮಾರ್ಚಿನಲ್ಲಿ ನಿನ್ನ ಕಾಗದ ಓದಿದ ಮೇಲೆ ತಿದ್ದುಪಡಿಯನ್ನೂ ನನ್ನ ಮಾತನ್ನೂ ಅಳಿಸಿದೆ.

ಇದೆಲ್ಲವನ್ನೂ ಬರೆದು ರುಜು ಮಾಡಿ ಸಮಿತಿಗೆ ನಿನ್ನೆ ಕಳಿಸಿದ್ದೇನೆ. ಪ್ರತಿ ಇದರ ಜೊತೆ ಇದೆ. ನಿನ್ನ ಹತ್ತಿರ ಫೋಟೋ ಇರದಿದ್ದರೆ ಕಳಿಸುತ್ತಿದ್ದೆನೇ ಎಂದು ನೀನು ಕೇಳಬಹುದು. ನನಗೆ ಗೊತ್ತಿಲ್ಲ.

ಶಿವರಾಜ
ಗಣಕ ವಿಭಾಗದ ಪ್ರಾಧ್ಯಾಪಕ


ಯಾದಗಿರಿ
4 ಆಗಸ್ಟ್ 2024

ಸರ್,

ಸಮಿತಿಯ ವರದಿ ನಿಮಗೂ ಬಂದಿರುತ್ತದೆ. ಮೂರೂ ಊರಲ್ಲಿ ತಂತ್ರಾಂಶ ನಿಂತಿದೆ. ನಿಮ್ಮ ಕೆಲಸ ಹೋದದ್ದು ಕೇಳಿದೆ. ತಂತ್ರಾಂಶ ನೋಡಿಕೊಳ್ಳುವ ನನ್ನ ಕೆಲಸವೂ ಹೋಯಿತು, ಅದು ಸರಿಯೇ.

ಜಲಾಲುದ್ದೀನ ಅವರ ಅಮಾನತು ರದ್ದಾಗಿದೆ. ಆದೇಶದ ಪ್ರತಿಯನ್ನು ನಾನೇ ಶಹಾಪುರಕ್ಕೆ ಒಯ್ದೆ. ಅಣ್ಣನ ಹೊಲಿಗೆ ಅಂಗಡಿಯಲ್ಲಿ ಕೂತು ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದರು. ಎರಡು ಸಲ ಓದಿ ಮಡಚಿ ಜೇಬಿನಲ್ಲಿಟ್ಟುಕೊಂಡರು. ಈಗ ಯಂತ್ರ ಇಲ್ಲ, ಮೊದಲಿನ ಹಾಗೆ ಕೈಯಲ್ಲೇ ಪರೀಕ್ಷೆ, ಸೋಮವಾರದಿಂದ ಬರಬಹುದು ಎಂದೆ.

"ನಾ ಬರೂದಿಲ್ರಿ ಮೇಡಂ," ಎಂದರು. "ಈಗ ಹನಿ ಹಾಕಿ ನೋಡಿದ್ರೂ ನನ್ನ ಕಣ್ಣು ನನಗ ಖರೇ ಅನಸೂದಿಲ್ಲ."

ನಾನು ಬರೆದ ಆ ಎರಡು ಸಾಲಿನ ಉತ್ತರ ಎರಡು ತಿಂಗಳು ಮೊದಲೇ ಬಂದಿದ್ದರೆ ಎಂದು ಅವರು ಅನ್ನಲಿಲ್ಲ. ಚಹಾ ತರಿಸಿ ಕುಡಿಸಿ ಬಸ್ ನಿಲ್ದಾಣದ ತನಕ ಬಂದು ಕಳಿಸಿದರು.

ಸುಂದ್ರಮ್ಮನಿಗೆ ನಾನೇ ಹೇಳಬೇಕು, ಬೇರೆಯವರಿಂದ ಕೇಳಬಾರದು ಎಂದು ಒಂದು ಬೆಳಿಗ್ಗೆ ಹೋದೆ. ಮರಿಲಿಂಗನೂ ಇದ್ದ. ಇಬ್ಬರು ಮಲ್ಲಿಕಮ್ಮರನ್ನು ಒಬ್ಬಳೆಂದು ಯಂತ್ರಕ್ಕೆ ಹೇಳಿಕೊಟ್ಟವಳು ನಾನು, ಜಲಾಲುದ್ದೀನ ಅವರಲ್ಲ ಎಂದೆ. ನಾನಿನ್ನೂ ಹೇಳುತ್ತಿರುವಾಗಲೇ ಮರಿಲಿಂಗ ಎದ್ದು ಹೊರಗೆ ಹೋದ. ಅಂದಿನಿಂದ ಓಣಿಯಲ್ಲಿ ಎದುರಾದರೂ ನನ್ನ ಮುಖ ನೋಡುವುದಿಲ್ಲ.

ಸುಂದ್ರಮ್ಮ ಕೂಸಿನ ಬೆನ್ನು ತಟ್ಟುತ್ತಲೇ ಇದ್ದರು. ಕೂಸು ನಿದ್ದೆಹೋದ ಮೇಲೆ, ನಿಮ್ಮ ಮಾಸ್ತರರಿಗೂ ಗೊತ್ತಿತ್ತೇ ಎಂದು ಕೇಳಿದರು. ಗೊತ್ತಿತ್ತು ಎಂದೆ. ಸುರಪುರದ್ದು, ನಿಮ್ಮ ಮಗಳ ಹೆರಿಗೆಯದು, ಬಸ್ಸಿನದು ಎಲ್ಲವನ್ನೂ ಹೇಳಿದೆ. ಶಾಪ ಹಾಕುತ್ತಾರೆ ಎಂದುಕೊಂಡಿದ್ದೆ.

"ಅಂವನ ಮಗಳು ಆರಾಮ ಅದಾಳಿಲ್ಲೋ?" ಎಂದರು. "ಕೂಸು?"

ಹಂಗಿಸಲು ಕೇಳಿದ್ದಲ್ಲ, ಸರ್. ನಿಜವಾಗಿ ಕೇಳಿದರು. ಇಬ್ಬರೂ ಆರಾಮ ಇದ್ದಾರೆ ಎಂದೆ.

"ಇರ್ಲಿ," ಎಂದರು. "ನೀ ಇನ್ನ ನಮ್ಮ ಮನಿಗಿ ಬರಬ್ಯಾಡವ್ವಾ."

ಮೌನೇಶ್ವರಿ